ಕಂಪ್ಯೂಟರ್ ಮುಂದೆ ಕೂರುವ ಮೊದಲು, ಪುಟ್ಟಿಗೆ

ಪ್ರೀತಿಯ ಪುಟ್ಟಿ,

ಅಕ್ಕ ಫೋನ್ ಮಾಡಿದ್ದಳು. ಬಿಪಿಟಿ, ಅಂದರೆ ಫಿಸಿಯೋಥೆರಪಿ ಪದವಿ ಓದಿದ ನೀನು ಆಸ್ಪತ್ರೆಯ ಕಂಪ್ಯೂಟರ್ ವಿಭಾಗಕ್ಕೆ ಸೇರುತ್ತಿದ್ದೀಯ, ಓದಿದ್ದೆಲ್ಲ ದಂಡವಾಯಿತು ಅಂತ ಅವಳಿಗೆ ಬೇಜಾರು. ನನಗಂತೂ ಖುಷಿಯಾಯಿತು. ಆ ಕುರ್ಚಿಯಲ್ಲಿ ಫಿಸಿಯೋ ಓದಿದವರೇ ಕೂರಬೇಕು.

ನಾನು ಮೊದಲಿದ್ದ ಆಸ್ಪತ್ರೆಗೆ ಹೊಸ ಸಾಫ್ಟ್‌ವೇರ್ ಬಂದಾಗ, ಮಂಡಿ ಎಷ್ಟು ಮಡಿಸುತ್ತದೆ ಅಂತ ಬರೆಯಲು ಒಂದು ಖಾಲಿ ಬಾಕ್ಸ್ ಕೊಟ್ಟಿದ್ದರು, ಅಷ್ಟೇ. ಒಬ್ಬರು ‘90’ ಅಂತ ಬರೆದರು, ಇನ್ನೊಬ್ಬರು ‘0-90’, ಮತ್ತೊಬ್ಬರು ‘ಪರವಾಗಿಲ್ಲ, ಸುಧಾರಿಸಿದೆ’. ಪೇಷೆಂಟ್ ತಾನಾಗಿ ಮಡಿಸಿದ್ದೋ, ನಾವು ಒತ್ತಿ ಮಡಿಸಿದ್ದೋ, ಅದು ಎಲ್ಲೂ ಇಲ್ಲ. ಎರಡು ವರ್ಷ ಕಳೆದ ಮೇಲೆ ಸರ್ಜನ್ ಬಂದು, ಮಂಡಿ ಬದಲಿಸಿದವರಲ್ಲಿ ಆರು ವಾರಕ್ಕೆ 90 ಡಿಗ್ರಿ ದಾಟಿದವರು ಎಷ್ಟು ಜನ ಅಂತ ಕೇಳಿದರು. ರಾಶಿ ರಾಶಿ ನೋಟ್ಸ್ ಇತ್ತು, ಉತ್ತರ ಇರಲಿಲ್ಲ. ಹಿಂದಿನ ದಿನದ್ದನ್ನು ಹಾಗೇ ಕಾಪಿ ಮಾಡುವ ಬಟನ್ ಬೇರೆ! ನೋವು ಬಲ ಮಂಡಿಗೆ ಬಂದ ಮೇಲೂ ಫೈಲ್‌ನಲ್ಲಿ ವಾರಗಟ್ಟಲೆ ಎಡ ಮಂಡಿ ಅಂತಲೇ ಇತ್ತು. ಅದನ್ನು ನೆನೆದರೆ ಈಗಲೂ ಹೊಟ್ಟೆ ತಳಮಳಿಸುತ್ತದೆ.

ದೇಹದ ಸಮತೋಲನ ಅಳೆಯುವ ಬರ್ಗ್ ಬ್ಯಾಲೆನ್ಸ್ ಸ್ಕೇಲ್ ನಿನಗೆ ಗೊತ್ತಲ್ವಾ, 14 ಪರೀಕ್ಷೆ, ಒಟ್ಟು 56 ಅಂಕ. ಸುಮ್ನೆ ಒಟ್ಟು ಅಂಕಕ್ಕೆ ಮಾತ್ರ ಜಾಗ ಇಟ್ಟರೆ 40 ಅಂತ ಕಾಣುತ್ತದೆ, ಅಜ್ಜ ತಿರುಗುವಾಗ ವಾಲುತ್ತಾರೋ, ಒಂಟಿ ಕಾಲಲ್ಲಿ ನಿಲ್ಲಲಾರರೋ ತಿಳಿಯುವುದಿಲ್ಲ. 14ಕ್ಕೂ ಜಾಗ ಕೊಡು, ಕೂಡುವುದನ್ನು ಕಂಪ್ಯೂಟರ್ ಮಾಡಲಿ.

ನಮ್ಮ ಜನ ಕೇಳುವುದನ್ನೂ ಫಾರಂಗೆ ಸೇರಿಸು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬಹುದಾ, ಬಸ್ಸಿನ ಎತ್ತರದ ಮೆಟ್ಟಿಲು ಹತ್ತಬಹುದಾ ಅಂತಲೇ ಅವರು ನನ್ನನ್ನು ಕೇಳಿದ್ದು. ಡಿಗ್ರಿ ಲೆಕ್ಕ ಯಾರೂ ಕೇಳಲಿಲ್ಲ.

2021ರಲ್ಲಿ ಕೇಂದ್ರ ಸರ್ಕಾರದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಕ್ಕೆಲ್ಲ ಬಂತು, ಆಭಾ ಅನ್ನುವ 14 ಅಂಕಿಯ ಆರೋಗ್ಯ ಖಾತೆ ನಂಬರ್ ಇದ್ದರೆ ಪೇಷೆಂಟ್ ಒಪ್ಪಿಗೆ ಪಡೆದು ಒಂದು ಆಸ್ಪತ್ರೆಯ ದಾಖಲೆಯನ್ನು ಇನ್ನೊಂದು ಕಡೆ ನೋಡಬಹುದು. ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿಸಿ ಬೆಂಗಳೂರಲ್ಲಿ ಮಗಳ ಮನೆಯಲ್ಲಿ ಚೇತರಿಸಿಕೊಳ್ಳುವವರು ಎಷ್ಟು ಜನ! ಆದರೆ ‘ಪರವಾಗಿಲ್ಲ’ ಅನ್ನುವ ನೋಟ್ಸ್ ಎಷ್ಟು ದೂರ ಹೋದರೂ ಅಲ್ಲಿನ ಫಿಸಿಯೋಗೆ ಏನು ಹೇಳೀತು?

ಒಂದು ಮಾತು ನಡೆಸಿಕೊಡು. ಮೊದಲ ಎರಡು ವಾರ ನಿನ್ನ ಆಫೀಸಿನಲ್ಲಿ ಕೂರಬೇಡ, ಫಿಸಿಯೋ ವಿಭಾಗದ ಮೂಲೆಯಲ್ಲಿ ನಿಂತು ನೋಡು. ಒಂದು ಕೈಯಲ್ಲಿ ಪೇಷೆಂಟ್ ಹಿಡಿದಿರುವವರು, ಕೈಗೆಲ್ಲ ಜೆಲ್ ಮೆತ್ತಿಕೊಂಡವರು ಯಾವಾಗ ಟೈಪ್ ಮಾಡುತ್ತಾರೆ, ಎಷ್ಟು ಸಲ ಕ್ಲಿಕ್ ಮಾಡುತ್ತಾರೆ, ಯಾವುದನ್ನು ಬಿಟ್ಟುಬಿಡುತ್ತಾರೆ, ಎಲ್ಲ ಬರೆದುಕೋ. ಅವರನ್ನು ಸೋಮಾರಿಗಳು ಅಂದುಕೊಳ್ಳಬೇಡ ಮಾರಾಯ್ತಿ, ಮುಂದಿನ ಪೇಷೆಂಟ್ ಬಾಗಿಲಲ್ಲೇ ನಿಂತಿರುತ್ತಾರೆ.

ದಸರಾ ರಜೆಗೆ ಬರುವಾಗ ಈಗಿರುವ ಖಾಲಿ ಫಾರಂ ಒಂದನ್ನು ಪ್ರಿಂಟ್ ಮಾಡಿಸಿ ತಗೊಂಡು ಬಾ. ಜಗುಲಿಯಲ್ಲಿ ಕೂತು ಇಬ್ಬರೂ ನೋಡೋಣ.

ನಿನ್ನ ಚಿಕ್ಕಮ್ಮ