ದಳವಿಯವರನ್ನು ಅರ್ಧ ಓದಿದರೆ ಸಾಲದು

ಮಾನ್ಯರೇ,

ಅಕ್ಟೋಬರ್ ಬಂತೆಂದರೆ ಪತ್ರಿಕೆಗಳಲ್ಲಿ 1962ರ ಚೀನಾ ಯುದ್ಧದ ಲೇಖನಗಳು ಬರುತ್ತವೆ, ಜೊತೆಗೆ ಬ್ರಿಗೇಡಿಯರ್ ಜಾನ್ ದಳವಿಯವರ ಹೆಸರೂ. ಆ ಯುದ್ಧದ ಬಗ್ಗೆ ಅವರು ಬರೆದ ‘ಹಿಮಾಲಯನ್ ಬ್ಲಂಡರ್’, ರವಿ ಬೆಳಗೆರೆಯವರ ಅನುವಾದದಿಂದಾಗಿ ಕನ್ನಡಿಗರದೇ ಪುಸ್ತಕವೆಂಬಂತಾಗಿದೆ. ಆದರೆ ಪ್ರಧಾನಿ ನೆಹರೂ, ಆಗಿನ ರಕ್ಷಣಾ ಸಚಿವ ಕೃಷ್ಣ ಮೆನನ್ ಅವರನ್ನು ಬೈಯಲು ಬೇಕಾದಷ್ಟನ್ನು ಹೆಕ್ಕಿಕೊಂಡು ಉಳಿದದ್ದನ್ನು ಕೈಬಿಡುವುದು ನಮಗೆ ರೂಢಿಯಾಗಿದೆ.

ದಳವಿ ಏಳನೇ ಬ್ರಿಗೇಡಿನ ಮುಖ್ಯಸ್ಥರಾಗಿದ್ದವರು. ಚೀನೀಯರು ಇಂದಿನ ಅರುಣಾಚಲದ ಗಡಿಯಲ್ಲಿರುವ ಥಗ್‌ಲಾ ಬೆಟ್ಟದ ಏಣಿನ ಮೇಲೆ, ಇವರ ಸೈನಿಕರು ಕೆಳಗೆ ನಮ್ಕಾ ಚು ಹೊಳೆಯ ದಂಡೆಯಲ್ಲಿ. ಆ ಚಳಿಗೆ ತಕ್ಕ ಬಟ್ಟೆಯಿಲ್ಲ, ಫಿರಂಗಿ ಬೆಂಬಲ ಹೆಸರಿಗಷ್ಟೇ, ವಿಮಾನದಿಂದ ಎಸೆದ ಸಾಮಾನಿನಲ್ಲಿ ಎಷ್ಟೋ ಕಣಿವೆಯ ಪಾಲು. ಹಿಂದೆ ಸರಿಯಲು ಬಿಡಿ ಎಂದು ಅವರು ಕೇಳಿಕೊಂಡದ್ದೂ ವ್ಯರ್ಥವಾಯಿತು. ಅಕ್ಟೋಬರ್ 20ರ ನಸುಕಿನಲ್ಲಿ ದಾಳಿ. 22ಕ್ಕೆ ಅವರೇ ಸೆರೆಯಾದರು. ಇಷ್ಟೆಲ್ಲ ಗೊತ್ತಿದ್ದೂ ದೆಹಲಿಗೆ ‘ಆಗದು’ ಎನ್ನದ ಜನರಲ್‌ಗಳ ಬಗ್ಗೆ ಅವರು ಬರೆದದ್ದೇ ನನಗಂತೂ ಮಂತ್ರಿಗಳ ಬಗ್ಗೆ ಬರೆದದ್ದಕ್ಕಿಂತ ಕಹಿಯಾಗಿ ಕಾಣುತ್ತದೆ. ಅದನ್ನು ಉದ್ಧರಿಸುವವರು ಕಡಿಮೆ.

ನವೆಂಬರ್ 21ರ ರಾತ್ರಿ ಟಿಬೆಟ್ಟಿನ ಸೆರೆಯಲ್ಲಿ ಒಂಟಿಯಾಗಿದ್ದ ಅವರನ್ನು ಎಬ್ಬಿಸಿ, ಯುದ್ಧ ಮುಗಿಯಿತೆಂಬ ‘ಶುಭ ಸುದ್ದಿ’ ಹೇಳಿದ್ದು ಒಬ್ಬ ಚೀನೀ ಮೇಜರ್. ಪುಸ್ತಕ ಹುಟ್ಟಿದ್ದೇ ಆ ರಾತ್ರಿ ಎಂದು ದಳವಿ ಹೇಳಿಕೊಂಡಿದ್ದಾರೆ. 1963ರ ಮೇನಲ್ಲಿ ಡಂಡಂ ವಿಮಾನ ನಿಲ್ದಾಣದಲ್ಲಿ ಇಳಿದಾಗ ಸಿಕ್ಕ ಸ್ವಾಗತವೂ ತಣ್ಣಗಿತ್ತು. ಚೀನೀಯರು ತಲೆ ತಿರುಗಿಸಿಲ್ಲವೆಂದು ತಮ್ಮವರಿಗೇ ಸಾಬೀತುಪಡಿಸಬೇಕಾಯಿತು! ಪುಸ್ತಕ ಹೊರಬಂದದ್ದು 1969ರಲ್ಲಿ. 1974ರಲ್ಲಿ ಅವರು ತೀರಿಕೊಂಡರು.

ಹಾಗೆಂದು ಅದನ್ನೇ ಕೊನೆಯ ಮಾತೆನ್ನಲಾಗದು. ಸೋತ ಬ್ರಿಗೇಡಿನ ನಾಯಕನೇ ಬರೆದ ಇತಿಹಾಸವದು. ತನ್ನ ಪರವಾದ ವಾದವೂ ಅದರಲ್ಲಿದೆ, ಇರುವುದು ಸಹಜ. ಒರೆಗೆ ಹಚ್ಚಲು ಸರ್ಕಾರಿ ಕಡತಗಳು ಬೇಕು. ಈ ಸೋಲಿನ ಕುರಿತು ಲೆಫ್ಟಿನೆಂಟ್ ಜನರಲ್ ಹೆಂಡರ್ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಭಗತ್ 1963ರಲ್ಲೇ ವರದಿ ಕೊಟ್ಟಿದ್ದರು. ಅದರಲ್ಲಿನ ವಿಷಯ ಇಂದಿಗೂ ಸೇನಾ ದೃಷ್ಟಿಯಿಂದ ಸೂಕ್ಷ್ಮವೆಂದು 2010ರಲ್ಲಿ ರಕ್ಷಣಾ ಸಚಿವ ಆ್ಯಂಟನಿ ಸಂಸತ್ತಿಗೆ ತಿಳಿಸಿದರು. 2014ರಲ್ಲಿ ವರದಿಯ ಒಂದು ಭಾಗವನ್ನು ಜಾಲತಾಣದಲ್ಲಿ ಹಾಕಿದ್ದು ವಿದೇಶಿ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್. ಅದನ್ನು ಜಗತ್ತೆಲ್ಲ ಓದಿದ ಮೇಲೂ ಬೀಗ ಹಾಕಿಟ್ಟುಕೊಳ್ಳುವುದರಲ್ಲಿ ಯಾವ ಗುಟ್ಟು ಉಳಿದಿದೆಯೋ ತಿಳಿಯದು. ಕಾಂಗ್ರೆಸ್, ಬಿಜೆಪಿ ಎರಡೂ ಪಕ್ಷಗಳ ಸರ್ಕಾರಗಳು ಇದರಲ್ಲಿ ಒಂದೇ.

ದಳವಿಯವರ ಹೆಸರು ಹೇಳಿ ಭಾಷಣ ಮಾಡುವ ನಮ್ಮ ಸಂಸದರಲ್ಲಿ ಒಬ್ಬರಾದರೂ ಮುಂದಿನ ಅಧಿವೇಶನದಲ್ಲಿ, ಪೂರ್ಣ ವರದಿ ಯಾವಾಗ ಹೊರಬರುತ್ತದೆ ಎಂದು ಕೇಳಲಿ.

— ಓದುಗ, ಮಡಿಕೇರಿ