ತಾತನ ಕತ್ತಿ ಎಳೆಯುತ್ತೆ ಅಂದೆಯಲ್ಲ

ಪ್ರೀತಿಯ ಪುಟ್ಟಿಗೆ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ತಲೆಯಲ್ಲೇ ಕೂತಿದೆ. ತಾತನ ಕ್ಷೌರದ ಕತ್ತಿಯಲ್ಲಿ ಅಳಿಯಂದಿರಿಗೆ ಗಡ್ಡ ಮಾಡಲು ಹೋದೆ, ಕೂದಲು ಎಳೆಯಿತು, ಅವರು ಹಲ್ಲು ಕಚ್ಚಿಕೊಂಡು ಕೂತಿದ್ದರು ಅಂದೆ. ಚರ್ಮದ ಪಟ್ಟಿಗೆ ಎಷ್ಟು ಎಳೆದರೂ ಅಷ್ಟೇ ಅಂದೆ. ಅದು ಪಟ್ಟಿಯ ಕೆಲಸ ಅಲ್ಲ ಕಣಮ್ಮ. ಇರುವ ಹರಿತವನ್ನು ಚರ್ಮದ ಪಟ್ಟಿ ನೇರ ಮಾಡುತ್ತದೆ, ಅಷ್ಟೇ. ಹೋದ ಹರಿತ ಬರಬೇಕಾದರೆ ಕಲ್ಲೇ ಬೇಕು.

ಅದು ಜರ್ಮನಿಯ ಸೋಲಿಂಗೆನ್ ಕತ್ತಿ. ಬೆನ್ನು ಅಷ್ಟು ದಪ್ಪ ಯಾಕೆ ಗೊತ್ತಾ? ಬೆನ್ನನ್ನೂ ಬಾಯನ್ನೂ ಒಟ್ಟಿಗೆ ಕಲ್ಲಿಗೆ ತಾಗಿಸಿ ಮಲಗಿಸಿದರೆ ಕೋನ ತಾನಾಗಿ ಕೂರುತ್ತದೆ. ಬಾಯಿಯ ಎರಡೂ ಪಕ್ಕ ಸೇರಿ ಸುಮಾರು 16-17 ಡಿಗ್ರಿ. ಅಡುಗೆಮನೆ ಚಾಕುವಿನ ಹಾಗೆ ಬೆನ್ನನ್ನು ಎತ್ತಿ ಹಿಡಿಯಬೇಡ.

ಮೊದಲು ಕಲ್ಲು ಸಮ ಇದೆಯಾ ನೋಡು. ಅದರ ಮೇಲೆ ಪೆನ್ಸಿಲ್‌ನಿಂದ ಚೌಕ ಚೌಕ ಗೆರೆ ಹಾಕು. ಗಾಜಿನ ಮೇಲೆ ನೀರಿನಲ್ಲಿ ಬಳಸುವ ಉಜ್ಜುಕಾಗದ (ಸ್ಯಾಂಡ್‌ಪೇಪರ್) ಇಟ್ಟು, ಒಂದೂ ಗೆರೆ ಉಳಿಯದ ಹಾಗೆ ಕಲ್ಲನ್ನು ಉಜ್ಜು.

ಆಮೇಲೆ 1000 ನಂಬರಿನ ಒರಟು ಕಲ್ಲು. ನಂಬರು ಹೆಚ್ಚಿದಷ್ಟೂ ಕಲ್ಲು ನುಣುಪು. ಜಾಸ್ತಿ ಹೊತ್ತು ಹಿಡಿಯುವುದು ಇಲ್ಲೇ. ಬಾಯಿಯುದ್ದಕ್ಕೂ ಕಪ್ಪು ಮಾರ್ಕರ್ ಬಳಿದು ನಾಲ್ಕು ಸಲ ಮಸೆ. ಎಲ್ಲಿ ಕಪ್ಪು ಉಳಿಯಿತೋ ಅಲ್ಲಿ ಕಲ್ಲು ತಾಗಿಲ್ಲ. ಹಿಡಿಯ ಕಡೆ, ನಡುವೆ, ತುದಿ, ಮೂರು ಕಡೆಯೂ ತೋಳಿನ ಕೂದಲು ಸಲೀಸಾಗಿ ಹೋಗುವ ತನಕ ಆ ಕಲ್ಲು ಬಿಡಬೇಡ. ಹದಿನಾರರ ವಯಸ್ಸಿನಲ್ಲಿ ನಾನು ಅವಸರಪಟ್ಟು ನುಣುಪು ಕಲ್ಲಿಗೆ ಹೋಗುತ್ತಿದ್ದೆ. ನಿನ್ನ ತಾತ ಮಾತಾಡದೆ ಕತ್ತಿ ತೆಗೆದುಕೊಂಡು ಮತ್ತೆ ಒರಟು ಕಲ್ಲಿನ ಮೇಲೆ ಇಡುತ್ತಿದ್ದರು. ಮೂರು ದಿನ ಹಾಗೇ ಮಾಡಿದರು. ಆಗ ಅಳು ಬರುತ್ತಿತ್ತು. ನನ್ನ ಕೈ ತಿದ್ದಿದ್ದು ಆ ಮೂರು ದಿನಗಳೇ.

ಮುಂದಿನದು ಸುಲಭ. 4000, 8000, ಕೊನೆಗೆ 12000. ಕಲ್ಲು ನುಣುಪಾದ ಹಾಗೆ ಕೈ ಹಗುರಾಗಬೇಕು. ಕೊನೆಯ ಕಲ್ಲಿನ ಮೇಲೆ ಕತ್ತಿಯ ಭಾರವಷ್ಟೇ ಸಾಕು. ಒತ್ತಿದರೆ ಆ ತೆಳು ಬಾಯಿ ಬಾಗುತ್ತದೆ, ಆಮೇಲೆ ಕೆನ್ನೆ ಉರಿಯುತ್ತದೆ.

ಕಲ್ಲಿನ ಮೇಲೆ ಬಾಯಿ ಮುಂದೆ, ಪಟ್ಟಿಯ ಮೇಲೆ ಬೆನ್ನು ಮುಂದೆ. ಇದೊಂದು ಮರೆತರೆ ಪಟ್ಟಿಯೇ ಕುಯ್ದುಹೋಗುತ್ತದೆ. ಮಗುಚುವಾಗ ಯಾವತ್ತೂ ಬೆನ್ನಿನ ಮೇಲೆ ಮಗುಚು. ಚರ್ಮದ ಮೇಲೆ ಒಂದು ಐವತ್ತು ಸಲ ಎಳೆದರೆ ಸಾಕು.

ನಿನ್ನ ಕ್ಷೌರದ ಅಂಗಡಿಗೆ ಬರುವವರಿಗೆ ಮಾತ್ರ ಈ ಕತ್ತಿ ಬೇಡ. ಒಬ್ಬರ ರಕ್ತ ಇನ್ನೊಬ್ಬರಿಗೆ ತಾಗಬಾರದು. ಅವರಿಗೆ ಪ್ರತಿ ಸಲ ಹೊಸ ಅರ್ಧ ಬ್ಲೇಡೇ ಸರಿ. ತಾತನ ಕತ್ತಿ ಅಳಿಯಂದಿರೊಬ್ಬರಿಗೇ ಇರಲಿ.

ಕೆಲಸ ಆದ ಮೇಲೆ ಚೆನ್ನಾಗಿ ಒರೆಸಿ ಒಂದು ಹನಿ ಎಣ್ಣೆ ಸವರಿಡು. ಅಲ್ಲಿ ಮಳೆ ಜಾಸ್ತಿ ಅಲ್ವಾ, ತುಕ್ಕು ಬೇಗ ಹಿಡಿಯುತ್ತದೆ. 1000ದ ಕಲ್ಲನ್ನು ನಾಳೆ ಬಸ್ಸಿಗೆ ಹಾಕಿ ಕಳಿಸುತ್ತೇನೆ. ಭಾನುವಾರ ಅಳಿಯಂದಿರಿಗೆ ಗಡ್ಡ ಮಾಡಿ ಫೋನ್ ಮಾಡು. ಅವರ ಬಾಯಿಂದಲೇ ಕೇಳಬೇಕು ನನಗೆ.

ನಿನ್ನ ಅಪ್ಪ