ಮೀನು ತರಿಸುವ ಮೊದಲು ಸತ್ತ ಮೀನಿನ ಲೆಕ್ಕ ಮಾತಾಡಿಕೊಳ್ಳಿ

ಮಾನ್ಯ ಸಂಪಾದಕರೇ,

ಹತ್ತಿಪ್ಪತ್ತು ಜನ ಸೇರಿ ಹೊರದೇಶದ ಫಾರ್ಮುಗಳಿಂದ ನೇರವಾಗಿ ಅಕ್ವೇರಿಯಂ ಮೀನು ತರಿಸಿಕೊಳ್ಳುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಚೆನ್ನಾಗಿದೆ. ಆದರೆ ಪೂರ್ತಿ ಉಳಿತಾಯದ ಮಾತೇ, ಸತ್ತ ಮೀನಿನ ಸುದ್ದಿಯೇ ಇಲ್ಲ. ಇಂಥ ಗುಂಪುಗಳಲ್ಲಿ ನಾನೂ ಮೀನು ತರಿಸಿದ್ದೇನೆ. ಕಾಗದ ಪತ್ರದ ತಲೆನೋವನ್ನೆಲ್ಲ ಒಟ್ಟಿಗೆ ದಾಟಿ ಬಂದ ಸ್ನೇಹಿತರು ಡಬ್ಬ ಬಿಚ್ಚಿದ ಮೇಲೆ ಮಾತು ಬಿಡುವುದನ್ನು ನೋಡಿದ್ದೇನೆ.

ಉಳಿತಾಯ ಸುಳ್ಳಲ್ಲ. ಆರೋಗ್ಯ ಪ್ರಮಾಣಪತ್ರ, ಆಮದು ಪರವಾನಗಿ, ಏಜೆಂಟರ ಫೀಸು ಇವು ಒಂದು ಡಬ್ಬ ತರಿಸಿದರೂ ಹದಿನೈದು ತರಿಸಿದರೂ ಬಿಡುವುದಿಲ್ಲ. ವಿಮಾನದ ಸಾಗಣೆ ದರವೂ ಸಾಮಾನ್ಯವಾಗಿ 45 ಕೆಜಿ, 100 ಕೆಜಿ ದಾಟಿದ ಹಾಗೆ ಇಳಿಯುತ್ತದೆ. ತೂಕ, ಗಾತ್ರ ಎರಡನ್ನೂ ನೋಡಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು ಹಾಕುತ್ತಾರೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸುವುದು ಅವರ ಲೆಕ್ಕ. ಅಂದರೆ 60, 40, 30ರ ಥರ್ಮೋಕೋಲ್ ಡಬ್ಬ ಅರ್ಧ ಖಾಲಿ ಇದ್ದರೂ 12 ಕೆಜಿ. ಒಬ್ಬರೇ ತರಿಸಿದರೆ ಕೈ ಸುಡುತ್ತದೆ, ಅದಕ್ಕೇ ಗುಂಪು. ಇಲ್ಲಿಯವರೆಗೆ ಯಾರದೂ ತಕರಾರಿಲ್ಲ.

ತಕರಾರು ಶುರುವಾಗುವುದು ಹೀಗೆ. ಒಂದು ಕವರಿನಲ್ಲಿ 200 ನಿಯಾನ್ ಟೆಟ್ರಾ ಬಂದಿವೆ, ಐದು ಜನರ ಪಾಲು, ಬದುಕಿರುವುದು 140. ಯಾರಿಗೆ ಎಷ್ಟು? ಹೆಚ್ಚಿನ ಫಾರ್ಮಿನವರು ದಾರಿಯಲ್ಲೇ ಸತ್ತ ಮೀನಿಗೆ ಮೀನಿನ ಬೆಲೆ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ, ಅದನ್ನೂ ಮುಂದಿನ ಆರ್ಡರಿನಲ್ಲಿ ಕಳೆಯುತ್ತಾರೆ. ಅದಕ್ಕೂ ಕೆಲವೇ ಗಂಟೆಯೊಳಗೆ ಫೋಟೋ ಕಳಿಸಬೇಕು, ಕವರ್ ಬಿಚ್ಚದೆಯೇ ತೆಗೆದದ್ದು. ಸಾಗಣೆಯ ದುಡ್ಡು ಹೋದದ್ದು ಹೋದ ಹಾಗೆಯೇ. ಸಣ್ಣ ಟೆಟ್ರಾಗಳಲ್ಲಿ ಮೀನಿನ ಬೆಲೆಗಿಂತ ಸಾಗಣೆಯೇ ಜಾಸ್ತಿ ಬೀಳುವುದುಂಟು, ಹಾಗಾಗಿ ಫಾರ್ಮಿನವರ ಪರಿಹಾರ ನೋಡಿ ಸಮಾಧಾನ ಪಡುವ ಹಾಗಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಸಾಗಣೆಯ ನಷ್ಟ ಇಡೀ ಗುಂಪಿನದು, ಯಾರ ಮೀನು ಸತ್ತಿತು ಅಂತ ನೋಡಬಾರದು. ಬದುಕಿದ ಮೀನು ಆರ್ಡರ್ ಮಾಡಿದ ಪ್ರಮಾಣದಲ್ಲೇ ಹಂಚಬೇಕು. ಸಂಘಟಕರು ತಮ್ಮ ಪಾಲನ್ನು ಕೊನೆಗೆ ತೆಗೆದುಕೊಳ್ಳಬೇಕು. ಅವರ ಓಡಾಟಕ್ಕೆ ಹಣ ಬೇಕಾದರೆ ಮೊದಲೇ ಬಾಯಿಬಿಟ್ಟು ಹೇಳಲಿ, ಕೊಡೋಣ. ಸುಮ್ನೆ ಎರಡು ಏಂಜೆಲ್ ಮೀನು ಎತ್ತಿಟ್ಟುಕೊಂಡು ಸತ್ತಿತು ಅಂತ ಬರೆಯುವುದು ಯಾಕೆ?

ಇನ್ನು ಹಂಚುವ ಜಾಗದ ಕಥೆ. ಡಬ್ಬ ಬಂತು ಅಂದ ಕೂಡಲೇ ಎಲ್ಲರೂ ಸುತ್ತ ನಿಂತು, ನೋಡೋಣ ನೋಡೋಣ ಅಂತ ಒಂದೊಂದೇ ಕವರ್ ಬಿಚ್ಚುತ್ತಾರೆ. ಆ ಕವರಿನೊಳಗೆ ಏನಾಗಿದೆ ಅಂತ ಗೊತ್ತಿದ್ದರೆ ಹಾಗೆ ಮಾಡುತ್ತಿರಲಿಲ್ಲ. ಹೆಚ್ಚು ಕಡಿಮೆ ಮೂರರಲ್ಲಿ ಒಂದು ಪಾಲು ನೀರು, ಮಿಕ್ಕಿದ್ದು ಆಕ್ಸಿಜನ್. ಕಳಿಸುವ ಮೊದಲು ಮೀನಿಗೆ ಒಂದೆರಡು ದಿನ ಊಟ ಹಾಕಿರುವುದಿಲ್ಲ, ಆದರೂ ಕಿವಿರಿನಿಂದ ಅಮೋನಿಯಾ ಬರುತ್ತಲೇ ಇರುತ್ತದೆ. ಮೀನು ಬಿಟ್ಟ ಕಾರ್ಬನ್ ಡೈ ಆಕ್ಸೈಡ್ ನೀರಿನಲ್ಲಿ ಕರಗಿ ಪಿಎಚ್ (ನೀರಿನ ಆಮ್ಲ, ಕ್ಷಾರದ ಅಳತೆ) ಇಳಿಸುತ್ತದೆ, ಪಿಎಚ್ ಇಳಿದಾಗ ಅಮೋನಿಯಾದ ಬಹುಪಾಲು ಅಷ್ಟು ವಿಷವಲ್ಲದ ಅಮೋನಿಯಂ ರೂಪದಲ್ಲಿ ಇರುತ್ತದೆ, ಹೀಗಾಗಿ ಮೀನು ಹೇಗೋ ದಾರಿ ಸವೆಸಿ ಬರುತ್ತದೆ. ಕವರ್ ಬಿಚ್ಚಿದಿರಾ, ಗ್ಯಾಸ್ ಹಾರಿಹೋಗಿ ಪಿಎಚ್ ಏರಲು ಶುರು. ಒಂದು ಅಂಕ ಏರಿದರೆ ವಿಷದ ಅಮೋನಿಯಾ ಸುಮಾರು ಹತ್ತು ಪಟ್ಟು ಆಗುತ್ತದೆ. ಮೀನು ಇನ್ನೂ ಅದೇ ಕೊಳಕು ನೀರಿನಲ್ಲಿದೆ, ಸುತ್ತ ನಿಂತವರು ಎಣಿಸುತ್ತಾ ವಾದ ಮಾಡುತ್ತಿದ್ದಾರೆ. ಅದೇ ನೀರಲ್ಲಿ ಕೈ ಹಾಕಿ ಸಣ್ಣ ಕವರುಗಳಿಗೆ ಪಾಲು ಮಾಡುವುದಂತೂ ಕೇಳಲೇಬೇಡಿ. ಕವರ್ ಮುಚ್ಚಿದಂತೆಯೇ ತೊಟ್ಟಿಯ ನೀರಿನಲ್ಲಿ ತೇಲಿಬಿಟ್ಟು ಬಿಸಿ ಸಮ ಆದ ಮೇಲೆ ಬಿಚ್ಚಿ, ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ, ಮೊದಲೇ ಅವುಗಳಿಗೆ ಹೊಂದುವಂತೆ ಮಾಡಿಟ್ಟ ಶುದ್ಧ ನೀರಿಗೆ ಬಿಡಬೇಕು. ಇದು ಒಂದೇ ಜಾಗದಲ್ಲಿ, ತಯಾರಾಗಿರುವ ತೊಟ್ಟಿಗಳ ಮುಂದೆ ಆಗಬೇಕಾದ ಕೆಲಸ.

ಅಲ್ಲಿಂದ ಮುಂದೆ ಮೀನು ಅಲ್ಲೇ ಇರಲಿ. ಎರಡು ವಾರವಾದರೂ, ನಾಲ್ಕಾದರೆ ಇನ್ನೂ ಒಳ್ಳೆಯದು. ಈ ಮಾತು ಎತ್ತಿದರೆ ಗುಂಪಿನಲ್ಲಿ ಯಾರಿಗೂ ಇಷ್ಟ ಆಗುವುದಿಲ್ಲ, ದುಡ್ಡು ಕೊಟ್ಟಿದ್ದೇನೆ ನನ್ನ ಮೀನು ಕೊಡಿ ಅನ್ನುತ್ತಾರೆ. ಆದರೆ ಬಿಳಿ ಚುಕ್ಕೆ ರೋಗ ಬಂದ ದಿನವೇ ಕಾಣುವುದಿಲ್ಲ. ಅದರ ಪರೋಪಜೀವಿ ಚರ್ಮದಡಿ ಇರುವಾಗ ಔಷಧ ತಾಗುವುದೂ ಇಲ್ಲ, ನೀರಿಗೆ ಬಂದು ಈಜುವಾಗ ಮಾತ್ರ ಸಾಯುತ್ತದೆ. ಗೌರಾಮಿ ಮೀನುಗಳಲ್ಲಿ ಬರುವ ಇರಿಡೋವೈರಸ್‌ಗಂತೂ ಮದ್ದೇ ಇಲ್ಲ. 2016ರಲ್ಲಿ ಆಸ್ಟ್ರೇಲಿಯಾ ಗೌರಾಮಿ, ಸಿಕ್ಲಿಡ್, ಗಪ್ಪಿ ಬಳಗದ ಮೀನುಗಳ ಆಮದಿಗೆ ಈ ವೈರಸ್ ಪರೀಕ್ಷೆಯನ್ನೇ ಕಡ್ಡಾಯ ಮಾಡಿತು. ಇಪ್ಪತ್ತು ಜನ ಮೊದಲ ದಿನವೇ ಹಂಚಿಕೊಂಡರೆ ರೋಗವೂ ಇಪ್ಪತ್ತು ಮನೆಗೆ ಹೋಯಿತು ಅಂತಲೇ, ಅಲ್ವಾ?

ಆರ್ಡರ್ ಪಟ್ಟಿಯ ಬಗ್ಗೆ ಎರಡೇ ಮಾತು. ವೈಜ್ಞಾನಿಕ ಹೆಸರು ಹಾಕಿಯೇ ಕೇಳಿ, ವ್ಯಾಪಾರದ ಹೆಸರು ಫಾರ್ಮಿಗೊಂದು ಥರ ಇರುತ್ತದೆ. ಬಣ್ಣ ಚುಚ್ಚಿದ ಗ್ಲಾಸ್ ಫಿಶ್ ತರಿಸಲೇಬೇಡಿ, ಅದು ಹಿಂಸೆ. ಗುಂಪಿನಲ್ಲಿ ಯಾರಾದರೂ ಏಷ್ಯನ್ ಅರೋವಾನಾ ಸೇರಿಸೋಣ ಅಂದರೆ ಬೇರೆಯೇ ಆರ್ಡರ್ ಮಾಡಲು ಹೇಳಿ. ಅದು ಅಳಿವಿನಂಚಿನ ಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿರುವ ಮೀನು, ನೋಂದಾಯಿತ ಫಾರ್ಮಿನದೇ ಆಗಬೇಕು, ಮೈಯಲ್ಲಿ ಮೈಕ್ರೋಚಿಪ್ ಇರಬೇಕು. ಆ ಒಂದು ಮೀನಿನ ಕಾಗದ ಸರಿ ಇಲ್ಲ ಅಂತ ಉಳಿದವರ ಡಬ್ಬಗಳೂ ಬಿಸಿಲಲ್ಲಿ ಕಾಯುವ ಹಾಗಾಗಬಾರದು.

ಇಷ್ಟಕ್ಕೆಲ್ಲ ತೊಟ್ಟಿ, ಸ್ಪಾಂಜ್ ಫಿಲ್ಟರ್, ಹೀಟರ್, ದಿನಾ ನೀರು ಬದಲಿಸುವ ಒಬ್ಬ ಮನುಷ್ಯ ಬೇಕು. ಅದರ ಖರ್ಚನ್ನೂ ಮೀನಿನ ಬೆಲೆಗೆ ಸೇರಿಸಿಯೇ ದುಡ್ಡು ಕೇಳಿ. ಅಷ್ಟು ತೊಟ್ಟಿ ಇಡಲು ಜಾಗ ಇಲ್ಲ ಅಂದರೆ, ಇರುವ ಜಾಗಕ್ಕೆ ತಕ್ಕಷ್ಟೇ ಡಬ್ಬ ತರಿಸಿ.

ಇಂತಿ,
ನಿಮ್ಮ ಓದುಗ